ತಬ್ಬಲಿ ಬಳ್ಳಿಯ ಬೀಜ

“ನೋಡು ರುಯಿಲಾನ್, ಈ ಗಡಿಗೆ ಒಲೆ ಮೇಲಿರೋವಾಗ ಏನು ಬೇಕಾದ್ರೂ ಮಾತಾಡು. ಬೇಕಿದ್ರೆ ನನ್ನನ್ನೇ ಬಯ್ಕೋ. ಆದ್ರೆ ಅಮ್ಮ ಅನ್ನೋ ಮಾತು ಮಾತ್ರ ನಿನ್ನ ಬಾಯಿಂದ ಬರಕೂಡದು.”

ಅತ್ತೆ ಫಾನ್ ಮುದುಕಿ ಹೀಗಂದಾಗ ರುಯಿಲಾನಳಿಗೆ ನಗಲೂ ತ್ರಾಣವಿರಲಿಲ್ಲ. ಆದರೂ ನಕ್ಕಳು.

“ಈ ಊರಲ್ಲಿ ಅಮ್ಮಂದಿರಾದ್ರೂ ಎಲ್ಲಿದಾರೆ ಅತ್ತೆ! ಬಂದಾಗಿನಿಂದ ನೋಡ್ತಿದೀನಿ, ಪ್ರತಿಯೊಂದು ಮಗೂನೂ ಹೆತ್ತವಳನ್ನ ಚಿಕ್ಕಮ್ಮ ಚಿಕ್ಕಮ್ಮ ಅಂತಲೇ ಕರೆಯುತ್ತೆ. ಎಲ್ಲರನ್ನೂ ಚಿಕ್ಕಮ್ಮಂದಿರೇ ಹೆತ್ತುಬಿಟ್ರಾ?”

“ಹೆತ್ತವಳು ಯಾರು ಅಂತ ಗೊತ್ತಾಗಬಾರದು ಅಂತಲೇ ಹಾಗೆ ಕರೆಯೋದು.”

“ಯಾರಿಗೆ ಗೊತ್ತಾಗಬಾರದು?”

ಮುದುಕಿ ಮುಷ್ಟಿಯಲ್ಲಿದ್ದ ಬೀಜವನ್ನು ಗಡಿಗೆಗೆ ಸುರಿದು, ಕಿಟಕಿಯಾಚೆಯ ಸೋಯಾ ಹೊಲದ ಕಡೆ ಗದ್ದವೆತ್ತಿ ತೋರಿಸಿದಳು. ಮಂಜಿನಲ್ಲಿ ಅರ್ಧ ಮುಳುಗಿದ್ದ ಹಸಿರು ಗಿಡಗಳ ಮೇಲೆ ಹಳದಿ ಎಳೆಗಳು ಹಾಸಿಕೊಂಡು ಬಿದ್ದಿದ್ದವು. ಎಲೆಯಿಲ್ಲ, ಬೇರಿಲ್ಲ. ಯಾರೋ ಹೆಂಗಸು ತಲೆ ಬಾಚಿ, ಉದುರಿದ ಕೂದಲನ್ನು ಗಿಡದ ಮೇಲೆ ಎಸೆದು ಹೋದ ಹಾಗಿತ್ತು. ನಮ್ಮ ಸಿಚುವಾನ್ ಗುಡ್ಡಗಳ ಕಡೆ ಅದಕ್ಕೆ ತಬ್ಬಲಿ ಬಳ್ಳಿ ಎಂದೇ ಹೆಸರು. ಹುಟ್ಟುವಾಗ ಅದಕ್ಕೂ ಒಂದು ಬೇರು ಇರುತ್ತದೆ. ಮೊಳಕೆಯೊಡೆದು, ಕುರುಡರ ಹಾಗೆ ಗಾಳಿಯಲ್ಲಿ ತಡಕಾಡಿ, ಪಕ್ಕದ ಗಿಡ ಸಿಕ್ಕಿತೋ, ಸುತ್ತಿಕೊಂಡು ಹಲ್ಲು ಊರುತ್ತದೆ. ಆಮೇಲೆ ತನ್ನ ಬೇರನ್ನು ತಾನೇ ಒಣಗಿಸಿಕೊಳ್ಳುತ್ತದೆ. ಇನ್ನೊಬ್ಬರ ರಸ ಕುಡಿದು ಬದುಕುವ ಜಾತಿ. ಅದರ ಬೀಜವನ್ನೇ, ಹಿಂದಿನ ಕಾಲದಿಂದಲೂ, ಜಾರುವ ಬಸಿರು ನಿಲ್ಲಿಸಲು ಕುದಿಸಿ ಕುಡಿಸುತ್ತಾರೆ. ಹಿಡಿದದ್ದನ್ನು ಬಿಡದ ಗುಣ ಅದಕ್ಕಿದೆಯಲ್ಲ, ಅದಕ್ಕೆ.

ರುಯಿಲಾನ್ ಚೊಂಗ್‌ಚಿಂಗ್ ನಗರದಲ್ಲಿ ಬಸ್ ಕಂಡಕ್ಟರ್ ಆಗಿದ್ದವಳು. ಹಿಂದಿನ ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದರೆ ಡ್ರೈವರ್ ಬ್ರೇಕ್ ಒತ್ತಬೇಕು, ಅಂಥ ಗಂಟಲು. ಬಾಯಿಯೂ ಅಷ್ಟೇ. ಆದರೆ ಎರಡು ಬಸಿರು ನಿಲ್ಲದೆ ಹೋದ ಮೇಲೆ ಆ ಗಂಟಲಿಗೂ ಸುಸ್ತು ಬಂದಿತ್ತು. ಆಸ್ಪತ್ರೆಯವರು ಮಾತ್ರೆ ಕೊಟ್ಟರು, ಮಲಗಿರು ಎಂದರು. ನೆರೆಮನೆಯವಳು ಕಪ್ಪು ಕೋಳಿ ತಿನ್ನು ಎಂದಳು, ಎದುರುಮನೆಯವಳು ತಿನ್ನಬೇಡ ಎಂದಳು. ಬುದ್ಧಿ ಹೇಳದೆ ಇದ್ದವರು ಯಾರೂ ಇರಲಿಲ್ಲ. ಮೂರನೆಯ ಸಲ ಬಸಿರಾದಾಗ ಗಂಡ ತಿಂಗ್‌ಮಾವ್ ಅವಳನ್ನು ಲಾರಿಯಲ್ಲಿ ಕೂರಿಸಿಕೊಂಡು ತಂದು, ಗುಡ್ಡದ ಮೇಲಿನ ತನ್ನ ತಾಯಿಯ ಮನೆಯಲ್ಲಿ ಇಳಿಸಿ, ಸರಕು ತುಂಬಿಕೊಂಡು ಹೊರಟುಹೋದ. ಲಾರಿ ಓಡಿಸುವವನಿಗೆ ಮನೆಯೆಂದರೆ ದಾರಿಯಲ್ಲಿ ಸಿಗುವ ಒಂದು ನಿಲ್ದಾಣ.

“ಅದಕ್ಕೆ ಹೆತ್ತವಳಿಲ್ಲ ಕಣೇ,” ಎಂದಳು ಮುದುಕಿ ಕೊನೆಗೆ, ದನಿ ತಗ್ಗಿಸಿ. “ಯಾವಾಗ್ಲೂ ಹುಡುಕ್ತಿರುತ್ತೆ. ಬೀಜ ಬಾಯಿ ಬಿಡೋ ಹೊತ್ತಿಗೆ ಪಕ್ಕದಲ್ಲಿ ಯಾರಾದ್ರೂ ನಾನು ಅಮ್ಮ ಅಂದ್ರೆ, ಆಯ್ತು, ಸಿಕ್ಕಿದಳು ಅಂದ್ಕೊಳ್ಳುತ್ತೆ. ಹಿಂದೆ ಆಗದವರಿಗೆ ಹೀಗೇ ಮಾಟ ಮಾಡಿಸ್ತಿದ್ರು. ಬಸುರಿ ಹೆಂಗಸಿನ ಬಾಯಿಂದ ಆ ಮಾತು ಹೊರಡಿಸಿಬಿಟ್ರೆ ಸಾಕು, ಮಂತ್ರ ತಂತ್ರ ಯಾವುದೂ ಬೇಕಿರಲಿಲ್ಲ.”

“ಸರಿ ಬಿಡಿ. ನಮ್ಮ ಬಸ್ಸಲ್ಲೂ ಟಿಕೆಟ್ ತಗೊಳ್ಳದೆ ಇದ್ದವರು ಇಂಥವೇ ಕತೆ ಹೇಳ್ತಿದ್ರು.”

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನೆನಪಿರಲಿ,” ಎಂದು ಮುದುಕಿ ಬುಟ್ಟಿ ಬೆನ್ನಿಗೇರಿಸಿಕೊಂಡು ಹೊಲಕ್ಕೆ ಹೋದಳು.

ನಮ್ಮ ಕಡೆ ಸೂರ್ಯ ಕಾಣುವುದೇ ಅಪರೂಪ, ಕಂಡರೆ ನಾಯಿ ಬೊಗಳುತ್ತದೆ ಎಂಬ ಮಾತಿದೆ, ಸುಳ್ಳೇನಲ್ಲ. ಮಧ್ಯಾಹ್ನವಾದರೂ ಅಡುಗೆಮನೆಯಲ್ಲಿ ಬೆಳಕಿರಲಿಲ್ಲ. ಕಲ್ಲಿದ್ದಲ ಹೊಗೆ ಮಾಡಿಗೆ ಹತ್ತಿ ಅಲ್ಲೇ ನಿಂತಿತ್ತು. ಉಪ್ಪಿನಕಾಯಿ ಜಾಡಿಯ ಹುಳಿ, ಒದ್ದೆ ಸೌದೆ, ಅದರ ಮೇಲೆ ಗಡಿಗೆಯಿಂದೇಳುವ ಮಣ್ಣುಮಣ್ಣಾದ ಸಿಹಿ ವಾಸನೆ. ರುಯಿಲಾನ್ ಮುಚ್ಚಳ ಸರಿಸಿ ನೋಡಿದಳು. ಸಾಸಿವೆಯಷ್ಟು ಸಣ್ಣ ಕಂದು ಬೀಜಗಳು ಕುದಿದು ಸಿಪ್ಪೆ ಒಡೆದು, ಒಂದೊಂದೂ ಬಿಳಿ ಎಳೆಯನ್ನು ಹೊರಗೆ ಉಗುಳುತ್ತಿತ್ತು. ಅಸಲಿ ಬೀಜದ ಗುರುತೇ ಅದು. ಎಳೆ ಉಗುಳದಿದ್ದರೆ ವ್ಯಾಪಾರಿ ಮೋಸ ಮಾಡಿದ್ದಾನೆ ಎಂದರ್ಥ. ಎಳೆಗಳೆಲ್ಲ ಸುರುಳಿ ಸುತ್ತಿಕೊಂಡು ಕೊತಕೊತ ಕುಣಿಯುತ್ತಿದ್ದವು.

ಅವಳಿಗೆ ಅಳು ಬಂತು. ಯಾಕೆಂದು ಅವಳಿಗೇ ಗೊತ್ತಿಲ್ಲ. ಇಷ್ಟು ದಿನ ಅವರಿವರ ಮಾತು ಕೇಳಿ ಕೇಳಿ, ಹೊಟ್ಟೆಯಲ್ಲಿದ್ದದ್ದರ ಜೊತೆ ಒಂದು ಮಾತನ್ನೂ ಆಡಿರಲಿಲ್ಲ. ಮೊದಲೆರಡು ಸಲ ಹೆದರಿ ಆಡಿರಲಿಲ್ಲ. ಈಗ ಇದೂ ಒಂದು ಮಾತೂ ಕೇಳದೆ ಹೋಗಿಬಿಟ್ಟರೆ? ಸೆರಗಿನಂತೆ ಜೋತುಬಿದ್ದಿದ್ದ ಅಂಗಿಯ ಮೇಲೆ ಕೈಯಿಟ್ಟುಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ಅತ್ತೆಯ ಮೇಲಿನ ಹಟಕ್ಕೋ ಎಂಬಂತೆ, ಗಟ್ಟಿಯಾಗಿಯೇ ಹೇಳಿದಳು.

“ಹೆದರಬೇಡ ಪುಟ್ಟಾ. ಅಮ್ಮ ಇಲ್ಲೇ ಇದ್ದೀನಿ.”

ಕುದಿ ನಿಂತಿತು.

ಕೆಳಗೆ ಬೆಂಕಿ ನಿಗಿನಿಗಿ ಉರಿಯುತ್ತಿತ್ತು. ಗಡಿಗೆಯಲ್ಲಿ ಸದ್ದಿಲ್ಲ. ಎಳೆಗಳು ಕುಣಿತ ಬಿಟ್ಟಿದ್ದವು. ಅವೆಲ್ಲ ಗಡಿಗೆಯ ಒಂದೇ ಅಂಚಿಗೆ ಬಂದು ಸೇರಿದ್ದವು. ಅವಳು ನಿಂತಿದ್ದ ಕಡೆಯ ಅಂಚಿಗೆ. ಅವಳು ಪಕ್ಕಕ್ಕೆ ಸರಿದಳು. ಅವೂ ನಿಧಾನವಾಗಿ ಸರಿದವು.

ಮರುಕ್ಷಣ ನೀರು ಮತ್ತೆ ಕುದಿಯತೊಡಗಿತು. ಹೊಗೆಗೆ ಕಣ್ಣು ಮಂಜಾಗಿರಬೇಕು ಎಂದುಕೊಂಡಳು. ಸೋಸಿ, ಮೂಗು ಮುಚ್ಚಿಕೊಂಡು, ಕುಡಿದಳು.

ಬಸಿರು ನಿಂತಿತು. ಮೂರನೆಯ ತಿಂಗಳು ದಾಟಿತು, ನಾಲ್ಕು ದಾಟಿತು. ಹೊಟ್ಟೆ ಏರುತ್ತಿದ್ದಂತೆ ರುಯಿಲಾನ್ ಮಾತ್ರ ಇಳಿಯುತ್ತ ಬಂದಳು. ಮಲಗಿ ಎದ್ದರೂ ಆಯಾಸ, ಗಂಜಿ ಕುಡಿದರೂ ಆಯಾಸ, ಕೂತಲ್ಲಿ ಕೂತರೆ ಏಳಲು ಗೋಡೆ ಬೇಕು. ಬಸುರಿಯರಿಗೆ ಇದ್ದದ್ದೇ ಎಂದುಕೊಂಡಳು. ಬಾಚಣಿಗೆಯಲ್ಲಿ ಹಳದಿ ಎಳೆ ಸಿಕ್ಕಿತು, ತೆಗೆದೆಸೆದಳು. ದಿಂಬಿನ ಕೆಳಗೆ ಸಿಕ್ಕಿತು. ಒಂದು ಬೆಳಿಗ್ಗೆ ಎದ್ದರೆ ಕಾಲಿನ ಹರಡಿಗೆ ಸುತ್ತಿಕೊಂಡಿತ್ತು, ಬಿಡಿಸಿದರೆ ಚರ್ಮದ ಮೇಲೆ ಸಾಲಾಗಿ ಕೆಂಪು ಚುಕ್ಕೆ.

ಅದೇ ದಿನ, ಹಟ್ಟಿಯಲ್ಲಿ ಹಂದಿಗೆ ಹಿಟ್ಟು ಕಲಸುತ್ತಿದ್ದಾಗ, ಮಂಜಿನೊಳಗಿಂದ ಸಣ್ಣ ದನಿಯೊಂದು ಕರೆಯಿತು.

“ಅಮ್ಮಾ.”

“ಏನೋ ಮರಿ?” ಎಂದಳು, ಕೈಯಾಡಿಸುತ್ತಲೇ. ನೆರೆಮನೆಯ ಮಗುವಿರಬೇಕು. ಆಮೇಲೆ ಕೈ ನಿಂತಿತು. ಈ ಊರಿನ ಯಾವ ಮಗುವಿಗೂ ಆ ಮಾತು ಬರುವುದಿಲ್ಲವಲ್ಲ.

ಸಂಜೆ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದಳು. ಮುದುಕಿ ಬಯ್ಯುತ್ತಾಳೆ ಎಂದುಕೊಂಡಿದ್ದಳು. ಬಯ್ದಿದ್ದರೆ ಚೆನ್ನಾಗಿತ್ತು. ಮುದುಕಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, ತಾನೂ ನೆಲಕ್ಕೆ ಕುಸಿದು ಕೂತಳು.

“ಓಗೊಟ್ಟೂ ಬಿಟ್ಟೆಯಾ? ಅಯ್ಯೋ ಪಾಪಿ ಮುಂಡೇದೇ.”

“ಇಲ್ಲಿಂದ ಹೊರಟುಹೋಗ್ತೀನಿ ಅತ್ತೆ. ನಗರದಲ್ಲಿ ಹೊಲ ಎಲ್ಲಿಂದ ಬರುತ್ತೆ?”

ಹೋದಳು. ತಿಂಗ್‌ಮಾವ್ ಗೊಣಗುತ್ತಲೇ ಲಾರಿಯಲ್ಲಿ ಕರೆದುಕೊಂಡು ಹೋದ. ನಾಲ್ಕನೆಯ ಮಹಡಿಯ ಮನೆ, ಸುತ್ತ ಸಿಮೆಂಟು. ವಾರ ಕಳೆಯುವುದರಲ್ಲಿ, ಬಟ್ಟೆ ಒಣಗಿಸುವ ತಂತಿಯ ಮೇಲೆ ಹಳದಿ ಎಳೆ ಹಬ್ಬಿ, ಕಿಟಕಿಯ ಸಂದಿಯಿಂದ ಒಳಗೆ ತಲೆ ಹಾಕಿತ್ತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ. ಅವಳು ಗಂಟು ಕಟ್ಟಿಕೊಂಡು ಗುಡ್ಡಕ್ಕೆ ವಾಪಸು ಬಂದಳು. ಇಲ್ಲಾದರೆ ಬಿಡಿಸುವ ದಾರಿ ಗೊತ್ತಿರುವ ಒಬ್ಬ ಮುದುಕಿಯಾದರೂ ಇದ್ದಳು.

ದಾರಿ ಒಂದೇ ಇತ್ತು. ಹೆಣ್ಣುಮಗು ಹುಟ್ಟಿ, ಇನ್ನೂ ಎದೆಗೆ ಹಚ್ಚುವ ಮೊದಲೇ, ಮುದುಕಿ ಅದನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಇಟ್ಟಳು. ಹೊಲಕ್ಕೆ ಕೇಳುವಂತೆ ಕೂಗಿದಳು.

“ಯಾರದಮ್ಮಾ ಈ ತಬ್ಬಲಿ? ಯಾರು ಬಿಸಾಕಿ ಹೋದ್ರು?”

ಒಳಗೆ ರಕ್ತದಲ್ಲಿ ತೊಯ್ದು ಮಲಗಿದ್ದ ರುಯಿಲಾನ್, ತಾನು ಅಮ್ಮ ಅಲ್ಲವೆಂದು ಬಳ್ಳಿಗೆ ಕೇಳುವಂತೆ ಹೇಳಬೇಕಿತ್ತು. ಮೊರದಲ್ಲಿ ಮಗು ಚೀರುತ್ತಿತ್ತು. ಹಳದಿ ಎಳೆಗಳು ಆಗಲೇ ಅಂಗಳದ ಕಲ್ಲು ದಾಟಿದ್ದವು.

“ಹೇಳೇ!” ಎಂದಳು ಮುದುಕಿ, ಹಲ್ಲು ಕಚ್ಚಿ.

“ನಂಗೊತ್ತಿಲ್ಲ. ನಂಗೆ ಮಕ್ಕಳಿಲ್ಲ. ನಾನು ಯಾರಿಗೂ ಅಮ್ಮ ಅಲ್ಲ.”

“ಹಂಗಾದ್ರೆ ಸಾಕ್ಕೊಳ್ತೀಯಾ?”

“ಚಿಕ್ಕಮ್ಮನ ಥರ ಸಾಕ್ತೀನಿ,” ಎಂದು ಅವಳು ಗೋಳೋ ಎಂದು ಅತ್ತಳು.

ಎಳೆಗಳು ಅಲ್ಲೇ ತಡೆದವು. ಸ್ವಲ್ಪ ಹೊತ್ತು ಅತ್ತಿತ್ತ ತಡಕಾಡಿ, ಹೊಲಕ್ಕೆ ಹಿಂದಿರುಗಿದವು. ಮುದುಕಿ ಮಗುವನ್ನು ತಂದು ಸೊಸೆಯ ಪಕ್ಕ ಮಲಗಿಸಿ, ಬೆವರೊರೆಸಿಕೊಂಡಳು.

“ಇನ್ನು ಲೆಕ್ಕ ಸಲೀಸು. ಚಿಕ್ಕಮ್ಮ ಅಂದ್ರೆ ನಿನ್ನ ಮಗು. ಅಮ್ಮ ಅಂದ್ರೆ ಬಳ್ಳಿ. ಅಮ್ಮಾ ಅಂತ ಯಾರೇ ಕರೀಲಿ, ಎಷ್ಟೇ ಅಳಲಿ, ತಿರುಗಬೇಡ. ಬಾಗಿಲು ತೆಗೀಬೇಡ. ನೀನು ಇನ್ನೊಂದು ಸಲ ಹೂಂ ಅಂದ್ರೆ ಆಮೇಲೆ ನನ್ನ ಕೈಲೂ ಆಗಲ್ಲ.”

ಮಗುವಿಗೆ ದೃಷ್ಟಿ ತಾಗದಿರಲೆಂದು ಚೌಮೇ, ಅಂದರೆ ಕುರೂಪಿ, ಎಂದು ಹೆಸರಿಟ್ಟರು. ಚಂದದ ಹುಡುಗಿ. ಕಣ್ಣಲ್ಲೇ ಕಿತಾಪತಿ. ಚಿಕ್ಕಮ್ಮಾ ಚಿಕ್ಕಮ್ಮಾ ಎಂದು ದಿನವಿಡೀ ಹಿಂದೆ ಸುತ್ತುತ್ತಿತ್ತು. ರುಯಿಲಾನಳ ಮೈಗೆ ಮತ್ತೆ ರಕ್ತ ಬಂತು, ಆದರೆ ದಣಿವು ಹೋಗಲಿಲ್ಲ. ಕಾವಲಿನ ದಣಿವು ಅದು. ವರ್ಷವೂ ಸೋಯಾ ಹೂಬಿಡುವ ಹೊತ್ತಿಗೆ ಬಗ್ಗಿ ಬಗ್ಗಿ ಬಳ್ಳಿ ಕೀಳಬೇಕು. ಒಂದು ಬೆರಳುದ್ದ ತುಂಡು ಉಳಿದರೂ ಅದು ಮತ್ತೆ ಹಬ್ಬುತ್ತದೆ. ಮಂಜು ಇಳಿದ ದಿನ ಹೊಲದಿಂದ ಅದೇ ಕರೆ. ಅಮ್ಮಾ. ಅಷ್ಟೇ, ಒಂದೇ ಮಾತು. ಅವಳು ತಿರುಗುತ್ತಿರಲಿಲ್ಲ. ಆ ಮಾತು ಕಿವಿಗೆ ಬಿದ್ದರೆ ಕತ್ತು ತಾನಾಗಿ ಬಿಗಿಯುತ್ತಿತ್ತು, ಕೈ ತಾನಾಗಿ ಅಗುಳಿಗೆ ಹೋಗುತ್ತಿತ್ತು.

ಚೌಮೇ ಶಾಲೆಗೆ ಸೇರಿದ ದಿನ, ಕೆಳಗಿನ ರಸ್ತೆಗೆ ಬಿಟ್ಟುಬರಲು ಹೋಗುತ್ತ, ರುಯಿಲಾನ್ ಹೊಲದ ಬದುವಿನ ಮೇಲೆಯೇ ಮಗಳನ್ನು ನಿಲ್ಲಿಸಿ ಪಾಠ ಒಪ್ಪಿಸಿಕೊಂಡಳು.

“ಬಾಗಿಲಿಗೆ ಬಂದು ಏನಂತ ಕರೀಬೇಕು?”

“ಚಿಕ್ಕಮ್ಮಾ ಬಾಗಿಲು ತೆಗಿ.”

“ಗಟ್ಟಿಯಾಗಿ ಹೇಳು.”

“ಚಿಕ್ಕಮ್ಮಾ, ಬಾಗಿಲು ತೆಗಿ!”

“ಹಾಂ. ಹಾಗಂದ್ರೆ ಮಾತ್ರ ತೆಗೆಯೋದು. ಬೇರೆ ಏನಂದ್ರೂ ತೆಗೆಯಲ್ಲ, ತಿಳೀತಾ?”

ಗಾಳಿ ಬಿದ್ದುಹೋಗಿತ್ತು. ಹೊಲದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಫಾನ್ ಮುದುಕಿ ಗಕ್ಕನೆ ನಿಂತಳು.

“ಇಲ್ಲಿ ನಿಂತು ಹೇಳ್ತಾರೇನೇ ಅದನ್ನ? ಮನೆ ಒಳಗೆ ಹೇಳಬಾರದಿತ್ತಾ? ಅದಕ್ಕೂ ಕಿವಿ ಇಲ್ವಾ?”

“ಅದಕ್ಕೆ ಬರೋದು ಒಂದೇ ಮಾತು ಅತ್ತೆ.”

“ಅದನ್ನ ಕಲಿಸಿದವಳೂ ನೀನೇ ಅಲ್ವಾ?”

“ಸಾಕು ಬಿಡಿ. ನಂಗೆ ಸಾಕಾಗಿದೆ,” ಎಂದಳು ರುಯಿಲಾನ್. ನಿಜವಾಗಿಯೂ ಸಾಕಾಗಿತ್ತು. ವರ್ಷಗಟ್ಟಲೆ ಕಿವಿ ನೆಟ್ಟುಕೊಂಡು ಬದುಕಿದವಳಿಗೆ ಇನ್ನೊಂದು ಭಯವನ್ನು ಹೊರಲು ಜಾಗವಿರಲಿಲ್ಲ.

ಅಂದು ಮುದುಕಿ ಸಂತೆಗೆ ಹೋಗಿದ್ದಳು. ಮಧ್ಯಾಹ್ನ ಕಳೆಯುವುದರಲ್ಲಿ ಮಂಜು ಗುಡ್ಡದಿಂದ ಇಳಿದು ಅಂಗಳವನ್ನು ನುಂಗಿತು. ಹಂದಿ ಕೂಡ ಸದ್ದು ಮಾಡದೆ ಮೂಲೆ ಹಿಡಿದಿತ್ತು. ರುಯಿಲಾನ್ ಹೊಸ್ತಿಲಲ್ಲಿ ಕೂತು ಸೋಯಾ ಕಾಯಿ ಬಿಡಿಸುತ್ತಿದ್ದಳು. ಮಗಳು ಬರುವ ಹೊತ್ತು.

“ಅಮ್ಮಾ!”

ದನಿ ಹೊಲದ ಕಡೆಯಿಂದ. ಎಂದಿಗಿಂತ ಗಟ್ಟಿ, ಎಂದಿಗಿಂತ ಹತ್ತಿರ.

“ಅಮ್ಮಾ! ಕಾಲು! ಅಮ್ಮಾ!”

ಅವಳ ಕಿವಿಗೆ ಬಿದ್ದದ್ದು ಅಮ್ಮಾ ಎಂಬುದೊಂದೇ. ಎದ್ದಳು. ಕಾಯಿಯ ಬುಟ್ಟಿ ಉರುಳಿತು. ಬಾಗಿಲು ಹಾಕಿದಳು, ಅಗುಳಿ ಜಡಿದಳು. ಒಳಗೆ ಕತ್ತಲು. ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ದನಿ ಅಳುತ್ತಿತ್ತು. ಹಿಂದೆಯೂ ಅತ್ತಿದೆ. ಬಳ್ಳಿಯ ನಾಟಕ. ಚೌಮೇ ಬೇಗ ಬರಲಿ, ಇದು ಅವಳ ಕಿವಿಗೆ ಬೀಳದಿರಲಿ. ದೇವರೇ, ಮಗು ಬೇಗ ಮನೆ ಸೇರಲಿ.

ಬಾಗಿಲು ಬಡಿದ ಸದ್ದು. ಮೆಲ್ಲಗೆ.

“ಚಿಕ್ಕಮ್ಮಾ, ಬಾಗಿಲು ತೆಗಿ.”

ಹೋದ ಜೀವ ಬಂದಂತಾಯಿತು. ಅಗುಳಿ ಸರಿಸಿ ಬಾಗಿಲು ತೆರೆದಳು. ಮಂಜಿನಲ್ಲಿ ಪುಟ್ಟ ಆಕಾರ, ಅವಳ ಸೊಂಟದೆತ್ತರ. ತೆರೆದದ್ದೇ ತಡ, ಓಡಿಬಂದು ತಬ್ಬಿಕೊಂಡಿತು, ಮುಖವನ್ನು ಹೊಟ್ಟೆಗೆ ಒತ್ತಿಕೊಂಡಿತು. “ಬಂದೆಯಾ ನನ್ನ ಕುರೂಪಿ, ಬಂದೆಯಾ,” ಎಂದು ತಲೆ ನೇವರಿಸಿದಳು. ಕೂದಲು ಒದ್ದೆ. ತಣ್ಣಗಿತ್ತು. ಕೈಗೆ ಅಂಟಿತು.

ವಾಸನೆ ಬಂತು. ಮಣ್ಣುಮಣ್ಣಾದ ಸಿಹಿ. ಒಲೆಯಲ್ಲಿ ಬೆಂಕಿಯಿಲ್ಲ. ಗಡಿಗೆ ಎಂದೋ ಒಡೆದುಹೋಗಿತ್ತು.

ಆಗ ಹೊಲದಿಂದ ಮತ್ತೆ ಕೇಳಿತು. ಈಗ ಸಣ್ಣಗೆ, ಬಿಕ್ಕುತ್ತ.

“ಟೀಚರ್ ಹೇಳ್ಕೊಟ್ರು... ಮನೇಲಿ ಹೀಗೇ ಕರೀಬೇಕಂತೆ... ತಪ್ಪಾಯ್ತು. ಚಿಕ್ಕಮ್ಮ ಅಂತೀನಿ. ಬಾಗಿಲು ತೆಗಿ, ಚಿಕ್ಕಮ್ಮಾ...”

ರುಯಿಲಾನ್ ಕೆಳಗೆ ನೋಡಿದಳು. ತಬ್ಬಿದ್ದಕ್ಕೆ ಪಾದಗಳಿರಲಿಲ್ಲ. ಮೊಣಕಾಲಿನ ಕೆಳಗೆ ಬರೀ ಎಳೆ. ಹಳದಿ ಎಳೆ. ಹೊಸ್ತಿಲು ದಾಟಿ, ಅಂಗಳ ದಾಟಿ, ಮಂಜಿನೊಳಗೆ ಹರಿದುಹೋಗಿತ್ತು.

ಕಿತ್ತಳು. ಬಿಡಲಿಲ್ಲ. ತಳ್ಳಿದಳು. ಬಿಗಿಯಿತು. ಎಳೆದುಕೊಂಡೇ ಅಂಗಳಕ್ಕೆ ಬಂದಳು. ಬದುವಿನವರೆಗೂ ಬಂದಳು. ಅಲ್ಲಿ ಮಗು ಕಂಡಿತು. ಸೋಯಾ ಗಿಡಗಳ ನಡುವೆ ಬಿದ್ದಿತ್ತು, ಎದೆಯವರೆಗೆ ಹಳದಿ. ಒಂದು ಕೈ ಮಾತ್ರ ಹೊರಗೆ. ಕೈಯಲ್ಲಿ ಶಾಲೆಯ ಚೀಲ. ಎಳೆಗಳು ಕತ್ತಿಗೆ ಹತ್ತುತ್ತಿದ್ದವು. ಬಾಯಿ ತೆರೆದಿತ್ತು. ದನಿ ನಿಂತುಹೋಗಿತ್ತು.

ಓಡಲಾರಳು. ಸೊಂಟಕ್ಕೆ ಜೋತುಬಿದ್ದದ್ದು ಬಿಡುವುದಿಲ್ಲ. ಕುಡುಗೋಲು ಮನೆಯಲ್ಲಿ. ಕೂಗಿದರೆ ಕೇಳಲು ಯಾರೂ ಇಲ್ಲ. ಉಳಿದದ್ದು ಒಂದೇ ಮಾತು.

ಅವಳು ಆಕಾರದ ತಲೆಯ ಮೇಲೆ ಕೈಯಿಟ್ಟಳು. ತಳ್ಳಲಿಲ್ಲ. ಉಸಿರೆಳೆದುಕೊಂಡಳು. ಬಸ್ಸುಗಳನ್ನು ನಿಲ್ಲಿಸುತ್ತಿದ್ದ ಆ ಗಂಟಲು ಎಲ್ಲಿತ್ತೋ, ಗುಡ್ಡ ಮರುದನಿಸುವಂತೆ ಎದ್ದುಬಂತು.

“ಅದನ್ನ ಬಿಡು! ಅದು ಯಾರೋ ಬಿಸಾಕಿದ ಮಗು. ನಿನ್ನಮ್ಮ ನಾನು. ಬಾ ಪುಟ್ಟಾ. ಅಮ್ಮ ಇಲ್ಲೇ ಇದ್ದೀನಿ!”

ಹೊಲ ಪೂರ್ತಿ ಅಲುಗಿತು. ಮಗುವಿನ ಕತ್ತಿನಿಂದ ಎಳೆ ಸಡಿಲಿತು. ಎದೆಯಿಂದ ಸಡಿಲಿತು. ಗಿಡಗಿಡದಿಂದ ಬಿಡಿಸಿಕೊಂಡು ಹಳದಿಯೆಲ್ಲ ಒಂದೇ ಕಡೆಗೆ ಹರಿಯಿತು. ಹರಡಿಗೆ, ಮಂಡಿಗೆ, ಸೊಂಟಕ್ಕೆ. ಸಣ್ಣ ಸಣ್ಣ ಹಲ್ಲುಗಳು ಹೊಟ್ಟೆಗೆ ಊರಿದವು.

“ಓಡು ಚೌಮೇ! ತಿರುಗಿ ನೋಡಬೇಡ!”

ಮಗು ಓಡಿತು. ಸಂತೆಯಿಂದ ಹತ್ತಿಬರುತ್ತಿದ್ದ ಅಜ್ಜಿಯ ಕಾಲಿಗೆ ಬಂದು ಬಿತ್ತು.

ಮಂಜು ಸರಿದ ಮೇಲೆ ಫಾನ್ ಮುದುಕಿ ಕುಡುಗೋಲು ಹಿಡಿದು ಹೋಗಿ ನೋಡಿದಳು. ಬದುವಿನ ಪಕ್ಕದಲ್ಲಿ ಆಳೆತ್ತರದ ಹಳದಿ ರಾಶಿಯೊಂದು ನಿಂತಿತ್ತು, ಆಗಲೇ ಹೂಬಿಟ್ಟಿತ್ತು. ಒಳಗೆ ಇನ್ನೂ ಉಸಿರಾಡುತ್ತಿದೆಯೇನೋ ಎನ್ನುವ ಹಾಗೆ ಮೆಲ್ಲಗೆ ಏರಿಳಿಯುತ್ತಿತ್ತು. ಮುದುಕಿ ಕುಡುಗೋಲೆತ್ತಿದಳು. ಎಳೆಯನ್ನು ಕಡಿಯಬೇಕೋ, ಸೊಸೆಯನ್ನೇ ಕಡಿಯಬೇಕಾಗುತ್ತದೋ ಗೊತ್ತಾಗಲಿಲ್ಲ. ಕೈ ಇಳಿಸಿದಳು.

“ಹೋಗ್ಲಿ ಬಿಡೇ. ಅದಕ್ಕಂತೂ ತಾಯಿ ಸಿಕ್ಕಿದಳು. ಈ ಮಗೂನ ತಬ್ಬಲಿ ಮಾಡಿಬಿಟ್ಟೆ,” ಎಂದು ಅಲ್ಲೇ ಕೂತು ಅತ್ತಳು.

ತಿಂಗ್‌ಮಾವ್ ಬಂದ, ಎರಡು ದಿನ ಬದುವಿನ ಮೇಲೆ ಕೂತ, ಲಾರಿ ಹತ್ತಿದ. ಆ ಹೊಲವನ್ನು ಯಾರೂ ಉಳುವುದಿಲ್ಲ. ಅಲ್ಲಿ ಉದುರಿದ ಬೀಜವನ್ನು ಊರಲ್ಲಿ ಯಾರೂ ಕುದಿಸುವುದಿಲ್ಲ, ಎಂಥ ಬಸಿರಿಗೂ. ಚೌಮೇ ಅಜ್ಜಿಯ ಜೊತೆ ಬೆಳೆಯುತ್ತಿದ್ದಾಳೆ, ಶಾಲೆಗೆ ದೂರದ ದಾರಿಯಲ್ಲಿ ಸುತ್ತಿ ಹೋಗುತ್ತಾಳೆ. ಶಾಲೆಯಲ್ಲಿ ಕಲಿತ ಆ ಮಾತನ್ನು ಮತ್ತೆ ಆಡಿಲ್ಲ.

ಮಂಜು ಇಳಿದ ದಿನ ಮಾತ್ರ ಕಷ್ಟ. ಹೊಲದಿಂದ ಈಗ ಹೆಂಗಸಿನ ದನಿ ಬರುತ್ತದೆ, ಗಟ್ಟಿ ಗಂಟಲಿನ, ತುಂಬ ದಣಿದ ದನಿ. “ಬಾ ಪುಟ್ಟಾ, ಅಮ್ಮ ಇಲ್ಲೇ ಇದ್ದೀನಿ.” ಹುಡುಗಿ ಎದ್ದು ಬಾಗಿಲ ಕಡೆ ಹೋಗುತ್ತಾಳೆ.

“ಯಾರು ಅಜ್ಜೀ, ಬಳ್ಳೀನಾ? ಚಿಕ್ಕಮ್ಮಾನಾ?”

ಮುದುಕಿಗೆ ಗೊತ್ತಿಲ್ಲ. ಅಗುಳಿ ಹಾಕಿ, ಹುಡುಗಿಯನ್ನು ಮಡಿಲಿಗೆ ಎಳೆದುಕೊಂಡು, ಅವಳ ಎರಡೂ ಕಿವಿ ಮುಚ್ಚಿ ಹಿಡಿಯುತ್ತಾಳೆ.